ಆಲ್ಟಿನಲ್ಲಿ ಕೀ ಯಾರ ಕೈಲಿ

ಗಾವಡಗೆರೆ ಹತ್ತಿರ ಅಣ್ಣನ ಲಾರಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದ ಬೆಳಿಗ್ಗೆ ನಾನು ಅಲ್ಲಿರಲಿಲ್ಲ. ಆದರೂ ನನಗದು ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಕಡೆಗೆ ವಾಲಿದ ಲಾರಿ, ಟಾರ್ಪಾಲಿನ ಕೆಳಗೆ ಅಲುಗದೆ ಕೂತ ಅಕ್ಕಿ ಮೂಟೆಗಳು, ಬಂಪರಿಗೆ ಅಂಟಿಕೊಂಡ ಹಸಿ ಹೊಗೆಸೊಪ್ಪಿನ ಎಲೆ. ಆ ಎಲೆಯ ವಿಷಯವನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಕೇಳಿದವರು ಹೌದೌದು ಎಂದಿದ್ದಾರೆ. ಈಗ ಬರೆಯಲು ಕೂತ ಮೇಲೆ ಹೊಳೆಯಿತು, ಅದು ಯುಗಾದಿಯ ಆಸುಪಾಸು. ಹೊಗೆಸೊಪ್ಪು ಇನ್ನೂ ಸಸಿಮಡಿಯಲ್ಲಿತ್ತು. ಬಂಪರಿಗೆ ಅಂಟುವಷ್ಟು ದೊಡ್ಡ ಎಲೆ ಆಗ ಇಡೀ ಹುಣಸೂರು ತಾಲ್ಲೂಕಿನಲ್ಲೇ ಇರಲು ಸಾಧ್ಯವಿಲ್ಲ. ಅದನ್ನು ನಾನೇ ಅಂಟಿಸಿರಬೇಕು.

ನಾಯಿ ಅಡ್ಡ ಬಂತು ಎಂದು ಅಣ್ಣ ಹೇಳುತ್ತಾನೆ. ನಾಯಿಯೂ ಇಲ್ಲ ನರಿಯೂ ಇಲ್ಲ, ತೂಕಡಿಸಿದ್ದು ಎಂದು ಅತ್ತಿಗೆ ಹೇಳುತ್ತಾರೆ. ಅತ್ತಿಗೆಯೂ ಅಲ್ಲಿರಲಿಲ್ಲ. ಮೊದಮೊದಲು ಅಣ್ಣನ ನಾಯಿಗೆ ಬಣ್ಣವಿರಲಿಲ್ಲ. ಆಮೇಲೆ ಅದು ಕಂದು ನಾಯಿಯಾಯಿತು, ಈಚೆಗೆ ಅದಕ್ಕೊಂದು ಕುಂಟು ಕಾಲು ಬಂದಿದೆ. ನಾಯಿ ಬೆಳೆದಷ್ಟೂ ಅತ್ತಿಗೆಯ ಅನುಮಾನವೂ ಬೆಳೆಯಿತು. ಯಾರಿಗೂ ಏನೂ ಆಗಲಿಲ್ಲ. ಹೊಲದವರು ಟ್ರ್ಯಾಕ್ಟರ್ ತಂದು ಲಾರಿ ಎಳೆದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವನು ಮತ್ತೆ ರಸ್ತೆಯಲ್ಲಿದ್ದ. ಅತ್ತಿಗೆಯನ್ನು ಹೆದರಿಸಿದ್ದು ಆ ಕೊನೆಯ ಸಂಗತಿಯೇ.

ನಮ್ಮದು ಹುಣಸೂರು. ಅಪ್ಪ ಬಿಟ್ಟುಹೋದ ಒಂದು ಲಾರಿಯನ್ನು ಅಣ್ಣ ಅತ್ತಿಗೆ ಸೇರಿ ಆರು ಮಾಡಿದ್ದಾರೆ. ಆಫೀಸು, ಫೋನು, ಡ್ರೈವರುಗಳು ಎಲ್ಲ ಅತ್ತಿಗೆಯ ಜವಾಬ್ದಾರಿ. ಅಣ್ಣ ಮಾಲೀಕನಾದ ಮೇಲೂ ಸ್ಟೇರಿಂಗು ಬಿಟ್ಟವನಲ್ಲ. ಉಳಿದ ಐದಕ್ಕೆ ಡ್ರೈವರುಗಳಿದ್ದಾರೆ, ಆರನೆಯದು ಅವನದು. ಕೆ.ಆರ್. ನಗರದ ಮಿಲ್ಲಿನಲ್ಲಿ ಅಕ್ಕಿ ತುಂಬಿಕೊಂಡು ಎಚ್.ಡಿ. ಕೋಟೆ, ಅಂತರಸಂತೆ, ಕಾಕನಕೋಟೆ ಕಾಡು ದಾಟಿ ಕೇರಳಕ್ಕೆ ಹೋಗುತ್ತಾನೆ. ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ, ಆ ಟ್ರಿಪ್ಪು ಮುಗಿಸಿ ಬಂದ ದಿನವೇ ಪಿರಿಯಾಪಟ್ಟಣದ ಮಾರ್ಕೆಟ್ಟಿನಿಂದ ಹೊಗೆಸೊಪ್ಪಿನ ಕಟ್ಟು, ಅಂದರೆ ಬೇಲು, ಹೇರಿಕೊಂಡು ನಮ್ಮೂರಾಚೆಯ ಸಿಗರೇಟು ಕಂಪನಿಯ ಗೋಡೌನಿನ ಮುಂದೆ ಕ್ಯೂ ನಿಲ್ಲುತ್ತಾನೆ. ಎಲ್ಲವನ್ನೂ ಒಬ್ಬನೇ. ಪಕ್ಕದಲ್ಲಿ ಇನ್ನೊಬ್ಬ ಡ್ರೈವರ್ ಇದ್ದರೆ ಅವನಿಗೆ ಉಸಿರು ಕಟ್ಟುತ್ತದಂತೆ.

ಒಂದು ದಿನ ಆ ಕಂಪನಿಯವರು ಸಾಗಣೆದಾರರನ್ನೆಲ್ಲ ಕರೆಸಿ ಚಹಾ ಕೊಟ್ಟು, ಬರುವ ಹಂಗಾಮಿನಿಂದ ಡ್ರೈವರುಗಳ ಗಂಟೆಗಳನ್ನು ನೋಡುತ್ತೇವೆ ಎಂದರು. ಕಾನೂನು ಹಳೆಯದೇ. ದಿನಕ್ಕೆ ಎಂಟು ಗಂಟೆ ಕೆಲಸ, ನಡುವೆ ಬಿಡುವು, ವಾರಕ್ಕೊಂದು ರಜೆ. ಅದನ್ನು ಯಾರೂ ಕೇಳುತ್ತಿರಲಿಲ್ಲ, ಇನ್ನು ಮೇಲೆ ಕೇಳುತ್ತಾರೆ. ಅತ್ತಿಗೆ ಅಲ್ಲಿಂದ ನೇರ ನನ್ನ ಮನೆಗೆ ಬಂದರು. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಳಿಯುವಾಗ ನನ್ನ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ, ಅತ್ತಿಗೆಗೆ ಗೊತ್ತು. ಅಣ್ಣ ತಂಗಿ ಇಬ್ಬರದೂ ಒಂದೇ ಮುಖ ಎಂದರು. ಬ್ಯಾಂಕಿನ ಕೌಂಟರಿನ ಕ್ಯೂವನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡುವುದನ್ನು ನಾನು ಮಕ್ಕಳಿಗೆ ಕಲಿಸುತ್ತೇನೆಂದು ಅವರಿಗೆ ಯಾವಾಗಲೋ ಹೇಳಿದ್ದೆ. ಲಾರಿಗಳನ್ನೂ ಹಾಗೆ ಆಡಿಸಲು ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದೆ.

ಅಣ್ಣ ಅದಕ್ಕೆ ಸುಳ್ಳು ಲಾರಿ ಎಂದು ಹೆಸರಿಟ್ಟ. ಸಿಮ್ಯುಲೇಶನ್ ಎಂಬ ಪದವನ್ನು ಅವನು ಒಂದು ಸಲವೂ ಬಳಸಲಿಲ್ಲ. ಅವನು ಇಟ್ಟ ಹೆಸರೇ ಸರಿ ಎಂದು ಈಗ ಅನ್ನಿಸುತ್ತದೆ.

ಅವರಿಬ್ಬರ ಒಪ್ಪಂದವಾದದ್ದು ಅವರ ಅಡುಗೆಮನೆಯಲ್ಲಿ. ನನ್ನ ನೆನಪಿನಲ್ಲಿ ಅತ್ತಿಗೆ ಅವರೆಕಾಯಿ ಸುಲಿಯುತ್ತಿದ್ದರು, ಆದರೆ ಅದೂ ಹೊಗೆಸೊಪ್ಪಿನ ಎಲೆಯಂಥದೇ ಇರಬಹುದು. ಮಾತು ಮಾತ್ರ ನನ್ನ ಸೃಷ್ಟಿಯಲ್ಲ, ಅವರಿಬ್ಬರೂ ಇಂದಿಗೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

"ಒಬ್ರೇ ಓಡ್ಸುದ್ರೂ ಕಾನೂನೊಳ್ಗೇ ಇರ್ತೀರ ಅಂತ ಆ ಸುಳ್ಳು ಲಾರಿ ಹೇಳ್ಬುಟ್ರೆ, ಇನ್ ನಾನು ಈ ಮಾತೇ ಎತ್ತಕಿಲ್ಲ ಕಣ್ರೀ," ಎಂದರು ಅತ್ತಿಗೆ. "ಆಗಲ್ಲ ಅಂದ್ರೆ ಸ್ಟೇರಿಂಗ್ ಬುಟ್ಬುಡಿ. ಬೇರೆ ಡ್ರೈವರ್ ಹತ್ತುತಾನೆ."

"ಆಯ್ತು ಬುಡು," ಎಂದ ಅಣ್ಣ. ನನ್ನ ಕಡೆ ತಿರುಗಿ, "ಏನವ್ವ, ನಿನ್ ಲಾರಿಗೂ ಡೀಸೆಲ್ ಆಕ್ಬೇಕಾ?" ಎಂದು ನಕ್ಕ.

ಅವನು ಗೆಲ್ಲುತ್ತೇನೆಂದುಕೊಂಡಿದ್ದ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಸುಳ್ಳು ಲಾರಿ ಓಡುವ ರೀತಿ ಸುಲಭ. ಪರದೆಯ ಮೇಲೆ ಆರು ಚುಕ್ಕೆ, ಪ್ರತಿ ಚುಕ್ಕೆಗೂ ಒಬ್ಬ ಡ್ರೈವರ್. ಮಿಲ್ಲಿನಲ್ಲಿ ಮೂಟೆ ಹೇರುವುದು ಒಂದು ದಿನ ಬೇಗ ಮುಗಿಯುತ್ತದೆ, ಇನ್ನೊಂದು ದಿನ ಹಮಾಲರು ಬರುವುದೇ ಇಲ್ಲ. ಕಾಡಿನ ಗೇಟನ್ನು ಸಂಜೆ ಮುಚ್ಚಿದರೆ ಬೆಳಿಗ್ಗೆಯೇ ತೆಗೆಯುವುದು, ಸ್ವಲ್ಪ ತಡವಾದರೂ ರಾತ್ರಿಯೆಲ್ಲ ಅಲ್ಲೇ. ಗೋಡೌನಿನ ಕ್ಯೂ ಒಮ್ಮೊಮ್ಮೆ ಊಟದ ಹೊತ್ತಿಗೆ ಕರಗುತ್ತದೆ, ಒಮ್ಮೊಮ್ಮೆ ಮರುದಿನಕ್ಕೂ ಉಳಿಯುತ್ತದೆ. ಇವನ್ನೆಲ್ಲ ಡ್ರೈವರುಗಳಿಂದ ಕೇಳಿ ತಿಳಿದುಕೊಂಡು, ಯಾವ ದಿನ ಯಾವುದು ಎಂಬುದನ್ನು ದಾಳ ಉರುಳಿಸಿದ ಹಾಗೆ ಕಂಪ್ಯೂಟರಿಗೆ ಬಿಟ್ಟೆ. ಅದು ಒಂದೇ ಹಂಗಾಮನ್ನು ಸಾವಿರ ಸಲ ಓಡಿಸಿತು, ಪ್ರತಿ ಸಲವೂ ಬೇರೆ ಥರ. ಕಾನೂನಿನೊಳಗೆ ಇರುವವನು ಹಸಿರು, ಮೀರಿದವನು ಕೆಂಪು.

ಈ ಕೆಲಸವನ್ನು ಹೆಚ್ಚಾಗಿ ಬಸ್ಸಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದೆ. ಬಿಳಿಕೆರೆ ದಾಟುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು. ಡ್ರೈವರುಗಳ ದಣಿವನ್ನು ಲೆಕ್ಕ ಹಾಕುತ್ತಾ ಪಕ್ಕದವರ ಭುಜದ ಮೇಲೆ ನಿದ್ದೆ ಹೋಗುತ್ತಿದ್ದೆ.

ಲಾರಿಯವರ ಮಾತಿನಲ್ಲಿ ನಿಂತ ಲಾರಿಗೆ ಆಲ್ಟು ಎನ್ನುತ್ತಾರೆ. ಕಾಡಿನ ಗೇಟಿನಲ್ಲಿ ನಿಂತರೂ ಆಲ್ಟು, ಮಿಲ್ಲಿನಲ್ಲಿ ನಿಂತರೂ ಆಲ್ಟು, ಗೋಡೌನಿನ ಕ್ಯೂನಲ್ಲಿ ಒಂದೊಂದೇ ಲಾರಿಯುದ್ದ ತೆವಳುತ್ತಾ ಹಗಲು ಕಳೆದರೂ ಆಲ್ಟೇ. ಆಲ್ಟನ್ನು ಬಿಡುವು ಎಂದು ಮೊದಲ ಸಲ ಬರೆದುಕೊಂಡೆ. ಆರೂ ಚುಕ್ಕೆ ಹಸಿರಾದವು. ಅಣ್ಣ ಪರದೆಯನ್ನು ಬೆರಳಿನಿಂದ ತಟ್ಟಿ, ತನ್ನ ಚುಕ್ಕೆ ಯಾವುದೆಂದು ಕೇಳಿ, ಅದರ ಫೋಟೋ ತೆಗೆದುಕೊಂಡ. ಅತ್ತಿಗೆ ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು. ಆಲ್ಟು ಅಂದರೆ ನಿದ್ದೆಯಾ?

ಅಲ್ಲ. ಹಾಗಾಗಿ ಎರಡನೆಯ ಸಲ ಕ್ಯೂವನ್ನೂ ಕೆಲಸ ಎಂದೇ ಬರೆದೆ. ಆರೂ ಚುಕ್ಕೆ ಕೆಂಪಾದವು. ಅಷ್ಟೇ ಅಲ್ಲ, ಇನ್ನೂ ಆರು ಡ್ರೈವರುಗಳನ್ನು ಸೇರಿಸಿದರೂ ಕೆಂಪು ಇಳಿಯಲಿಲ್ಲ. ಅಣ್ಣ ತಾಳ್ಮೆ ಕಳೆದುಕೊಳ್ಳಲಿಲ್ಲ. ಅಂಗಾರೆ ಹುಣಸೂರ್ಗೇ ಬೀಗ ಆಕ್ಬುಡಿ ಎಂದು ಹೇಳಿ ಕೈತೊಳೆಯಲು ಎದ್ದ.

ಎರಡೂ ನಿಜವಲ್ಲವೆಂದು ನಮಗೆ ಮೂವರಿಗೂ ಗೊತ್ತಿತ್ತು. ಅಪ್ಪನ ಕಾಲದಿಂದ ನಡೆದುಬಂದ ಒಂದು ಪದ್ಧತಿ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಗೋಡೌನಿನ ಕ್ಯೂನಲ್ಲಿ ಎಲ್ಲ ಡ್ರೈವರುಗಳೂ ಎಚ್ಚರವಿರುವುದಿಲ್ಲ. ಹಿಂದುಮುಂದಿನ ನಾಲ್ಕೈದು ಲಾರಿಯವರು ತಮ್ಮ ಕೀಗಳನ್ನು ಒಬ್ಬನ ಕೈಗೆ ಕೊಟ್ಟು, ಲಾರಿಯ ಅಡಿಯಲ್ಲಿ ಹಗ್ಗದ ಜೋಲಿ ಕಟ್ಟಿಕೊಂಡೋ, ಹುಣಸೆಮರದ ಕೆಳಗೋ ಮಲಗಿಬಿಡುತ್ತಾರೆ. ಕ್ಯೂ ಒಂದು ಲಾರಿಯುದ್ದ ಮುಂದೆ ಹೋದರೆ ಆ ಒಬ್ಬನೇ ಜೋಲಿಯವರನ್ನು ಎಬ್ಬಿಸಿ ಆಚೆ ಸರಿಸಿ, ಪ್ರತಿ ಲಾರಿಗೂ ಹತ್ತಿ ಇಳಿದು, ಎಲ್ಲವನ್ನೂ ಮುಂದಕ್ಕೆ ಬಿಡುತ್ತಾನೆ. ಇದಕ್ಕೆ ಕೀ ಇಸ್ಕೊಳ್ಳೋದು ಎನ್ನುತ್ತಾರೆ. ಯಾರು ಇಸ್ಕೊಳ್ಳಬೇಕು ಎಂಬುದಕ್ಕೆ ನಿಯಮವಿಲ್ಲ. ಸರದಿ ಇರುತ್ತದೆ ಎಂದು ಅಣ್ಣ ಹೇಳಿದ. ನಾನು ಸರದಿಯನ್ನೂ ದಾಳಕ್ಕೆ ಬಿಟ್ಟೆ.

ಮೂರನೆಯ ಸಲ ಹೆಚ್ಚುಕಡಿಮೆ ಎಲ್ಲ ಹಸಿರು. ಅಲ್ಲೊಮ್ಮೆ ಇಲ್ಲೊಮ್ಮೆ ಕೆಂಪು, ಅದೂ ಬೇರೆ ಬೇರೆ ಚುಕ್ಕೆಗಳಲ್ಲಿ. ಅಣ್ಣ ಒಂಟಿಯಾಗಿಯೇ ಓಡಿಸಬಹುದು ಎಂದು ಲೆಕ್ಕ ಹೇಳಿತು. ಅತ್ತಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದರು. ಆ ಉತ್ತರದಲ್ಲಿ ಸಂತೋಷ ಯಾರಿಗೂ ಇದ್ದ ಹಾಗೆ ಕಾಣಲಿಲ್ಲ. ಅಣ್ಣನಿಗೂ. ಅಥವಾ ಮುಂದೆ ಆದದ್ದು ಗೊತ್ತಿರುವುದರಿಂದ ನಾನು ಅವನ ಮುಖಕ್ಕೆ ಈಗ ಬೇಸರ ಬಳಿಯುತ್ತಿದ್ದೇನೆ. ಫೋಟೋ ತೆಗೆದುಕೊಳ್ಳಲಿಲ್ಲ ಎಂಬುದು ಮಾತ್ರ ಖಾತ್ರಿ.

ಹರಾಜು ಶುರುವಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಅಣ್ಣ ಹಿಂದಿನ ದಿನ ಕೇರಳದಿಂದ ಬಂದು, ಕ್ಯೂ ನಿಂತು, ಬೇಲು ಇಳಿಸಿ, ಖಾಲಿ ಲಾರಿಯನ್ನು ಶೆಡ್ಡಿಗೆ ಬಿಟ್ಟು ಮನೆಗೆ ಬಂದ. ಅಂಗಿಯನ್ನು ಮೊಳೆಗೆ ತೂಗುಹಾಕಿ ಊಟಕ್ಕೆ ಕೂತ. ಅರ್ಧ ಮುದ್ದೆ ತಟ್ಟೆಯಲ್ಲೇ ಇತ್ತು. ಅತ್ತಿಗೆ ಸಾರು ಬಡಿಸಲು ಬಾಗಿದಾಗ ಅವನು ಕೂತಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಕೈ ಇನ್ನೂ ಎಂಜಲು. ನಾವಿಬ್ಬರೂ ಸೇರಿ ಅವನನ್ನು ಚಾಪೆಗೆ ಉರುಳಿಸಿದೆವು. ಏಳಲಿಲ್ಲ.

ಮೊಳೆಯ ಮೇಲಿನ ಅಂಗಿಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮೊದಲ ಸಲ ಬಿಟ್ಟೆವು. ಮತ್ತೆ ಬಂತು. ಅತ್ತಿಗೆ ಫೋನು ತೆಗೆಯಲು ಜೇಬಿಗೆ ಕೈ ಹಾಕಿದರೆ ಫೋನಿನ ಜೊತೆ ಮೂರು ಕೀ ಬಂದವು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಪುಟ್ಟ ರಬ್ಬರ್ ಚಪ್ಪಲಿ, ಮೂರನೆಯದಕ್ಕೆ ಮಲಯಾಳಂ ಅಕ್ಷರವಿದ್ದ ಬಿಲ್ಲೆ. ನಮ್ಮ ಲಾರಿಯ ಕೀ ಆಗಲೇ ಶೆಡ್ಡಿನ ಗೂಟದಲ್ಲಿತ್ತು. ಇವು ನಮ್ಮವಲ್ಲ.

ಆದದ್ದು ಇಷ್ಟು. ಅವನು ತನ್ನ ಹಿಂದಿನ ಮೂರು ಲಾರಿಗಳ ಕೀ ಇಸ್ಕೊಂಡು ಬೆಳಗಿನಿಂದ ಅವನ್ನು ಮುಂದೆ ಬಿಡುತ್ತಿದ್ದ. ತನ್ನ ಸರದಿ ಬಂದಾಗ ಒಳಗೆ ಹೋದ, ಬೇಲು ಇಳಿಸಿದ, ಆಚೆ ಬಾಗಿಲಿನಿಂದ ಹೊರಟು ಮನೆಗೆ ಬಂದ. ಮೂರು ಲಾರಿಗಳು ಗೋಡೌನಿನ ಬಾಗಿಲಿಗೆ ಅಡ್ಡವಾಗಿ ಕೀ ಇಲ್ಲದೆ ನಿಂತಿದ್ದವು. ಅವುಗಳ ಹಿಂದೆ ಪಿರಿಯಾಪಟ್ಟಣದ ಆ ದಿನದ ಹೊಗೆಸೊಪ್ಪೆಲ್ಲ.

ಅತ್ತಿಗೆ ಅವನನ್ನು ಎಬ್ಬಿಸಲಿಲ್ಲ. ಸ್ಕೂಟರ್ ತೆಗೆದರು, ನಾನು ಹಿಂದೆ ಕೂತೆ, ಕೀಗಳು ನನ್ನ ಮುಷ್ಟಿಯಲ್ಲಿ. ಗೋಡೌನು ಇನ್ನೂ ದೂರವಿದ್ದಾಗಲೇ ಹಾರನ್ನುಗಳು ಕೇಳಿಸಿದವು, ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು.

ನಾವು ಇಳಿದ ಕೂಡಲೇ ಹುಣಸೆಮರದ ಕೆಳಗಿದ್ದವರು ಎದ್ದು ಬಂದರು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ನಗುತ್ತಿದ್ದರು. ಕೆಂಪು ದಾರದ ಕೀಯ ಒಡೆಯ, ಎಚ್.ಡಿ. ಕೋಟೆ ಕಡೆಯ ವಯಸ್ಸಾದ ಡ್ರೈವರ್, ಅತ್ತಿಗೆಗೆ ಕೈಮುಗಿದ.

"ಏನವ್ವ, ಸಾಹುಕಾರ್ರು ನಮ್ ಲಾರಿನೂವೆ ಸೇರ್ಸ್ಕಂಡು ಒಂಬತ್ ಮಾಡ್ಕಂಬುಟ್ರಾ?"

"ಮಲ್ಗವ್ರೆ ಕಣಪ್ಪ," ಎಂದರು ಅತ್ತಿಗೆ.

"ಮಲ್ಗವ್ರಾ?" ಆತನ ನಗು ನಿಂತಿತು. ಪಕ್ಕದವನ ಕಡೆ ತಿರುಗಿ, "ಕೇಳುದ್ಯೇನ್ಲಾ, ಮಲ್ಗವ್ರಂತೆ," ಎಂದ. ಆಮೇಲೆ ನಮಗೆ, "ಬುಡಿ, ಎಬ್ಬುಸ್ಬ್ಯಾಡಿ. ನಮ್ಗೆಲ್ಲ ಇಲ್ಲಿ ನಿದ್ದೆ ಬರದೇ ಅವ್ರಿಂದ. ಅವ್ರ್ ಕ್ಯೂನಲ್ಲವ್ರೆ ಅಂದ್ರೆ ಕೀ ಬೇರೆ ಯಾರ್ ಕೈಗೂ ಓಗಕಿಲ್ಲ."

ಅತ್ತಿಗೆ ಯಾವ ವರ್ಷದಿಂದ ಹೀಗೆ ಎಂದು ಕೇಳಿದರು. ಆತ ನೆನಪು ಮಾಡಿಕೊಳ್ಳಲು ನೋಡಿ, ಕೈಬಿಟ್ಟು, ಲಾರಿ ಹತ್ತಿದ. ಮೂರು ಲಾರಿಗಳೂ ಒಂದರ ಹಿಂದೊಂದು ಕೆಮ್ಮಿ ಹೊರಟವು. ವಾಪಸು ಬರುವಾಗ ಅತ್ತಿಗೆ ಒಂದು ಕಡೆ ಸ್ಕೂಟರ್ ನಿಲ್ಲಿಸಿ, ಬಿಸಿಲಿಗೆ ಕಣ್ಣು ಉರಿಯುತ್ತದೆ ಎಂದು ಹೇಳಿ ಸೆರಗಿನಲ್ಲಿ ಒರೆಸಿಕೊಂಡರು. ಮೋಡ ಮುಸುಕಿದ ದಿನ ಅದು ಎಂದು ನನ್ನ ನೆನಪು. ಆದರೆ ನನ್ನ ನೆನಪು ಎಂಥದ್ದೆಂದು ಮೊದಲೇ ಹೇಳಿದ್ದೇನೆ.

ಮರುದಿನ ಬಸ್ಸಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿದೆ. ಕೀ ಯಾರ ಕೈಗೆ ಎಂಬಲ್ಲಿ ದಾಳವನ್ನು ತೆಗೆದು ಅಣ್ಣನ ಚುಕ್ಕೆಯನ್ನು ಹಾಕಿದೆ. ಸಾವಿರ ಹಂಗಾಮು ಓಡಿಸಲು ಕಂಪ್ಯೂಟರಿಗೆ ಹೆಚ್ಚು ಹೊತ್ತು ಬೇಡ. ಐದು ಚುಕ್ಕೆಗಳು ಹಿಂದೆಂದೂ ಇಲ್ಲದಷ್ಟು ಹಸಿರಾದವು. ಆರನೆಯದು ಪ್ರತಿ ಸಲವೂ ಕೆಂಪು. ಅದು ಹಸಿರಾದ ಒಂದು ಹಂಗಾಮೂ ಇರಲಿಲ್ಲ. ಅಚ್ಚರಿ ಎಂದರೆ, ಆರನ್ನೂ ಕೂಡಿಸಿ ಸರಾಸರಿ ತೆಗೆದರೆ ಸಂಖ್ಯೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಕಂಪನಿಗೆ ಆ ಸರಾಸರಿ ಕೊಟ್ಟಿದ್ದರೆ ಸಂತೋಷದಿಂದ ಒಪ್ಪುತ್ತಿದ್ದರು.

ಭಾನುವಾರ ಅವನಿಗೆ ತೋರಿಸಿದೆ. ಅತ್ತಿಗೆ ನನಗೆ ಹೇಳಿಕೊಟ್ಟಿದ್ದಾರೆ ಎಂದು ಮೊದಲು ರೇಗಿದ. ಅತ್ತಿಗೆ ಎದ್ದು ಹೊರಗೆ ಹೋದರು, ಜಗಲಿಯಲ್ಲಿ ಕೂತರು. ಅವನು ಮತ್ತೆ ಓಡಿಸು ಎಂದ. ಓಡಿಸಿದೆ. ಇನ್ನೊಂದು ಸಲ ಎಂದ. ತನ್ನ ಚುಕ್ಕೆ ಮಿಲ್ಲಿನಿಂದ ಕಾಡಿಗೆ, ಕಾಡಿನಿಂದ ಕ್ಯೂಗೆ ಹರಿದು ಬಣ್ಣ ತಿರುಗುವುದನ್ನು, ತನಗೆ ಗೊತ್ತಿರುವ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದ.

"ಇವ್ನು ಕೀ ಇಸ್ಕೊಳ್ದೆ ಇದ್ರೆ?"

ಆ ಸಾಲನ್ನು ಬದಲಿಸಿ ಓಡಿಸಿದೆ. ಚುಕ್ಕೆ ಹಸಿರಾಯಿತು. ಕೀ ಇಸ್ಕೊಳ್ಳದಿದ್ದರೆ ಒಬ್ಬನೇ ಕೇರಳಕ್ಕೂ ಹೋಗಬಹುದು, ಕ್ಯೂನಲ್ಲೂ ನಿಲ್ಲಬಹುದು, ಕಾನೂನೂ ಅಡ್ಡ ಬರುವುದಿಲ್ಲ. ಒಪ್ಪಂದದ ಪ್ರಕಾರ ಅವನೇ ಗೆದ್ದ ಹಾಗೆ. ಅದನ್ನು ಅವನಿಗೆ ಬಿಡಿಸಿ ಹೇಳಿದೆ.

"ಕೀ ತಕ್ಕಂಡು ಬಂದು ನಿಂತೋನ್ಗೆ ಬ್ಯಾಡ ಓಗು ಅನ್ನಕ್ಕಾಯ್ತದೇನವ್ವ," ಎಂದ ಅವನು. "ನನ್ಗೆಂಗೂ ನಿದ್ದೆ ಬರಕಿಲ್ಲ. ಅವ್ರಾದ್ರೂವೆ ಮಲಿಕ್ಕೊಳ್ಳಿ ಅಂತ."

ನಿದ್ದೆ ಬರುವುದಿಲ್ಲ ಎಂಬುದನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಯಾವಾಗ ಶುರುವಾಯಿತೋ, ಗಾವಡಗೆರೆಗೆ ಮುಂಚೆಯೋ ಆಮೇಲೋ. ನಾಯಿ ಇತ್ತಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೇಳಿದ್ದರೆ ಅದಕ್ಕೆ ಇನ್ನೊಂದು ಕಾಲು ಕುಂಟಾಗುತ್ತಿತ್ತು.

ಅವನು ಎದ್ದು ಹೋಗಿ ಶೆಡ್ಡಿನ ಗೂಟದಿಂದ ಲಾರಿಯ ಕೀ ತಂದ. ಜಗಲಿಯಲ್ಲಿ ಅತ್ತಿಗೆಯ ಪಕ್ಕ ಇಟ್ಟ. ಬ್ಯಾಡ ಅನ್ನಕ್ಕೆ ನನ್ಗೆ ಬರಕಿಲ್ಲ, ಅದ್ಕಿಂತ ಅಲ್ಲಿಗೆ ಓಗ್ದೆ ಇರದೇ ವಾಸಿ ಎಂದ. ಅತ್ತಿಗೆ ಕೀಯನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಊಟಕ್ಕೆ ಏಳಿ ಎಂದರು.

ಆರನೆಯ ಲಾರಿಗೆ ಈಗ ಕೆ.ಆರ್. ನಗರದ ಕಡೆಯ ಒಬ್ಬ ಡ್ರೈವರ್ ಬಂದಿದ್ದಾನೆ. ಕೇರಳದ ಟ್ರಿಪ್ಪಿಗೆ ಜೊತೆಗೆ ಇನ್ನೊಬ್ಬ ಹೋಗುತ್ತಾನೆ. ನನ್ನ ಪರದೆಯಲ್ಲಿ ಎಲ್ಲ ಹಸಿರು. ಅಣ್ಣನ ಚುಕ್ಕೆಯನ್ನು ತೆಗೆದುಹಾಕಬೇಕಿತ್ತು, ತೆಗೆಯಲು ಮನಸ್ಸಾಗಲಿಲ್ಲ. ಅದು ಹುಣಸೂರಿನಲ್ಲಿ ಅಲುಗದೆ ನಿಂತಿದೆ, ಪೂರ್ತಿ ಬಿಡುವಿನಲ್ಲಿ, ಎಲ್ಲಕ್ಕಿಂತ ಹಸಿರಾಗಿ. ಮನೆಯಲ್ಲಿ ಅವನು ಮಧ್ಯಾಹ್ನ ಚಾಪೆ ಹಾಸಿ ಮಲಗುತ್ತಾನೆ. ಕಣ್ಣು ಮುಚ್ಚಿರುತ್ತದೆ, ಬಲಗಾಲಿನ ಹೆಬ್ಬೆರಳು ಆಗಾಗ ಇಲ್ಲದ ಪೆಡಲನ್ನು ಒತ್ತುತ್ತಿರುತ್ತದೆ. ಅತ್ತಿಗೆ ಅಲ್ಲೇ ಸೊಪ್ಪು ಬಿಡಿಸುತ್ತಾ ಆ ಹೆಬ್ಬೆರಳನ್ನೇ ನೋಡುತ್ತಾರೆ.

ಕ್ಯೂನಲ್ಲಿ ಯಾರಾದರೂ ಕೀ ಇಸ್ಕೊಳ್ಳಲೇಬೇಕು. ನಮ್ಮ ಆರು ಜನ ಇಸ್ಕೊಳ್ಳದಿದ್ದರೆ ಬೇರೆ ಯಾರದೋ ಲಾರಿಯವನು ಇಸ್ಕೊಂಡಿರುತ್ತಾನೆ. ಅವನಿಗೆ ನನ್ನಲ್ಲಿ ಚುಕ್ಕೆಯಿಲ್ಲ. ಕಂಪನಿಗೆ ಕೊಟ್ಟ ವರದಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದೆ. ಓದಿದರೋ ಇಲ್ಲವೋ.

ಮೊನ್ನೆ ನಾನು ಅಲ್ಲಿದ್ದಾಗ ಹೊಸ ಡ್ರೈವರ್ ಕ್ಯೂನಿಂದ ಅಣ್ಣನಿಗೆ ಫೋನು ಮಾಡಿದ. ಪಕ್ಕದ ಲಾರಿಯವರು ಕೀ ಹಿಡಿದುಕೊಂಡು ಬಂದಿದ್ದಾರೆ, ಏನು ಮಾಡಲಿ ಎಂದು ಕೇಳುತ್ತಿದ್ದ ಹಾಗಿತ್ತು.

"ಇಸ್ಕೋಬ್ಯಾಡ ಕಣಪ್ಪ," ಎಂದ ಅಣ್ಣ, ಮಲಗಿದ್ದಲ್ಲಿಂದಲೇ. "ನಿಂದು ಕೊಟ್ಟು ಮಲಿಕ್ಕೊ."

ಫೋನು ಇಡಲಿಲ್ಲ. ಸ್ವಲ್ಪ ಹೊತ್ತು ಆ ಕಡೆಯ ಹಾರನ್ನುಗಳನ್ನು ಕೇಳಿಸಿಕೊಂಡ. ಆಮೇಲೆ ಎದ್ದು ಕೂತು, ನಮ್ಮ ಕಡೆ ಬೆನ್ನು ತಿರುಗಿಸಿ, ದನಿ ತಗ್ಗಿಸಿ ಕೇಳಿದ.

"ಇವತ್ತು ಕೀ ಯಾರ್ ಕೈಲದೆ?"

ಹೊಸ ಡ್ರೈವರ್ ಏನೋ ಹೇಳಿದ. ನಮಗೆ ಕೇಳಿಸಲಿಲ್ಲ. ಅಣ್ಣ ಹೂಂ ಎಂದು ಫೋನನ್ನು ಚಾಪೆಯ ಮೇಲಿಟ್ಟು, ಕೂತೇ ಇದ್ದ.